10 ಮಿಲಿಗ್ರಾಂ ನಿದ್ದೆ

ಮಲಗಿದ ತಕ್ಷಣ ನಿದ್ದೆ ಬರುತ್ತಿತ್ತು, ತೊಂದರೆ ಅದಲ್ಲ. ರಾತ್ರಿ ಎರಡೂವರೆಗೆ ಎಚ್ಚರವಾಗಿಬಿಡುತ್ತಿತ್ತು. ಆಮೇಲೆ ಬೆಳಗಿನವರೆಗೆ ಫ್ಯಾನ್ ನೋಡುತ್ತಾ ಬಿದ್ದಿರುವುದು. ಎಂಟು ತಿಂಗಳು ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಬೋರ್ಡ್ ಮೇಲೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿ, ಎಲ್ಲಿದ್ದೆ ಅಂತ ಒಂಬತ್ತನೇ ಕ್ಲಾಸಿನ ಮಕ್ಕಳನ್ನೇ ಕೇಳಿದೆ. ಅವತ್ತೇ ಸಂಜೆ ಡಾಕ್ಟರ ಹತ್ತಿರ ಹೋದೆ.

ಅದಕ್ಕೂ ಮೊದಲು ಅಕ್ಕನ ಆತಂಕದ ಮಾತ್ರೆ ಆಲ್‌ಪ್ರಜೋಲಾಂ ನಾಲ್ಕು ದಿನ ನುಂಗಿದ್ದೆ. ಅದನ್ನು ಹೇಳಿದ್ದಕ್ಕೆ ಚೆನ್ನಾಗಿ ಬೈಸಿಕೊಂಡೆ. ಅದು ಅಂಟಿಕೊಂಡರೆ ಬಿಡಿಸುವುದು ಕಷ್ಟವಂತೆ. ಥೈರಾಯ್ಡ್, ಶುಗರ್ ನೋಡಿದರು, ಇಸಿಜಿ ಮಾಡಿಸಿದರು, ನಾನು ಗೊರಕೆ ಹೊಡೆಯುತ್ತೇನಾ ಅಂತ ನಮ್ಮ ಮನೆಯವರನ್ನು ಕೇಳಿದರು. ಕೊನೆಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಬರೆದುಕೊಟ್ಟರು.

ಮೆಡಿಕಲ್ ಶಾಪ್ ಹುಡುಗ ಸ್ಟ್ರಿಪ್ ತೆಗೆದವನೇ, "ಆಂಟಿ, ಇದು ಡಿಪ್ರೆಶನ್ ಮಾತ್ರೆ, ಯಾರಿಗೆ?" ಅಂದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎರಡು ದಿನ ಸ್ಟ್ರಿಪ್ ಬೀರುವಿನಲ್ಲೇ ಇತ್ತು. ಮೂರನೇ ದಿನ ಡಾಕ್ಟರಿಗೆ ಫೋನ್ ಮಾಡಿದೆ.

"ಮೇಡಂ, ಅವನು ಹೇಳಿದ್ದು ಸುಳ್ಳಲ್ಲ. ಆದರೆ ಖಿನ್ನತೆಗಾದರೆ 75, 100, ಕೆಲವರಿಗೆ 150 ಮಿಲಿಗ್ರಾಂವರೆಗೂ ಕೊಡ್ತೀವಿ. ಹತ್ತಕ್ಕೆ ಖಿನ್ನತೆ ಅಲ್ಲಾಡಲ್ಲ. ಮೆದುಳಲ್ಲಿ ನಮ್ಮನ್ನು ಎಚ್ಚರ ಇಡೋ ಹಿಸ್ಟಮಿನ್ ಅಂತ ಒಂದಿದೆ, ಇದು ಅದರ ಬಾಯಿ ಮುಚ್ಚಿಸುತ್ತೆ. ನೆಗಡಿ ಮಾತ್ರೆ ತಗೊಂಡ್ರೆ ತೂಕಡಿಕೆ ಬರಲ್ವಾ, ಅದೇ ಲೆಕ್ಕ."

ಹಾಗಂತ ಎಲ್ಲ ಡಿಪ್ರೆಶನ್ ಮಾತ್ರೆಯೂ ನಿದ್ದೆ ತರಲ್ಲ. ಫ್ಲುಯಾಕ್ಸೆಟಿನ್ ತಗೊಂಡ ನಮ್ಮ ಚಿಕ್ಕಮ್ಮನಿಗೆ ಇದ್ದ ನಿದ್ದೆಯೂ ಹಾರಿಹೋಗಿತ್ತು. ಅದನ್ನು ಸಾಮಾನ್ಯವಾಗಿ ಬೆಳಗ್ಗೆ ಕೊಡುವುದು ಅದಕ್ಕೇ.

ಮೊದಲ ವಾರ ಹತ್ತೂವರೆಗೆ ನುಂಗಿ ಹನ್ನೊಂದೂವರೆಗೆ ಮಲಗಿದೆ. ಐದರವರೆಗೆ ನಿದ್ದೆ! ಆದರೆ ತಲೆ ನೆನೆದ ಗೋಣಿಚೀಲದ ಹಾಗೆ. ಮಿಕ್ಸಿಗೆ ಮುಚ್ಚಳ ಹಾಕದೆ ಚಾಲೂ ಮಾಡಿ ಚಟ್ನಿಯನ್ನೆಲ್ಲ ಗೋಡೆಗೆ ಬಡಿಸಿದೆ. ರಾತ್ರಿ ಎಂಟಕ್ಕೇ ತಗೊಳ್ಳಿ ಅಂದರು ಡಾಕ್ಟರು. ಅಷ್ಟರಿಂದಲೇ ಬೆಳಗಿನ ಮಂಪರು ಹೋಯಿತು. ಬಾಯಿ ಒಣಗುವುದು ಮಾತ್ರ ಹೋಗಲಿಲ್ಲ, ಪಾಠ ಮಾಡುವವರಿಗೆ ಅದು ದೊಡ್ಡ ಪೀಡೆ. ಮಲಬದ್ಧತೆಗೆ ಪರಂಗಿ ಹಣ್ಣು ತಿಂದೆ. ಮೂರು ಕೆಜಿ ದಪ್ಪಗೂ ಆದೆ.

ಮಾತ್ರೆ ಶುರುವಾದ ದಿನವೇ ಡಾಕ್ಟರು ಇನ್ನೊಂದು ಕೆಲಸ ಹಚ್ಚಿದ್ದರು. ಅದಕ್ಕೆ ಸಿಬಿಟಿ-ಐ ಅನ್ನುತ್ತಾರೆ, ಅಂದರೆ ಮಲಗುವ ಅಭ್ಯಾಸ ಮತ್ತು ನಿದ್ದೆಯ ಬಗೆಗಿನ ಯೋಚನೆ ತಿದ್ದುವ ಚಿಕಿತ್ಸೆ. ಬಹುಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ನನ್ನ ಪಾಲಿಗೆ ಅದು ಹೀಗಿತ್ತು: ಹನ್ನೊಂದೂವರೆಗೆ ಮೊದಲು ಮಂಚ ಹತ್ತಬಾರದು. ಬೆಳಗ್ಗೆ ಐದೂವರೆಗೆ ಏಳಲೇಬೇಕು, ಭಾನುವಾರವೂ. ಮಧ್ಯೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿದ್ದರೆ ಎದ್ದು ಹಾಲ್‌ಗೆ ಹೋಗಬೇಕು. ಮೊದಲ ಎರಡು ವಾರ ಸಾಕುಸಾಕಾಯಿತು. ರಾತ್ರಿ ಹತ್ತಕ್ಕೆ ತೂಕಡಿಸುತ್ತಾ ಟೆಸ್ಟ್ ಪೇಪರ್ ತಿದ್ದುತ್ತಿದ್ದೆ, ಆ ಸಲ ಮಾರ್ಕ್ಸ್ ಸ್ವಲ್ಪ ಧಾರಾಳವಾಗಿಯೇ ಬಿದ್ದಿರಬೇಕು. ರೂಮಿನ ಗಡಿಯಾರವನ್ನೂ ಹಾಲ್‌ಗೆ ಸಾಗಿಸಿದೆ.

ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಹೇಳಿದಂತೆ ದಿನ ಬಿಟ್ಟು ದಿನ ತಗೊಂಡು, ಮೂರು ವಾರದಲ್ಲಿ ನಿಲ್ಲಿಸಿದೆ. ಮೂರು ರಾತ್ರಿ ಕೆಟ್ಟವು, ಅಷ್ಟೇ. ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದೆ. ನೀರು ಕುಡಿದು ಮಲಗುತ್ತೇನೆ. ಗಂಟೆ ಎಷ್ಟು ಅಂತ ಗೊತ್ತಾಗಲ್ಲ.

ನಮ್ಮ ಪಿಟಿ ಮೇಷ್ಟ್ರು ಮೊನ್ನೆ ಸ್ಟಾಫ್ ರೂಮಿನಲ್ಲಿ, "ಮಿಕ್ಕಿದ್ದರೆ ಎರಡು ಮಾತ್ರೆ ಕೊಡಿ ಮೇಡಂ" ಅಂದರು. ಅವರಿಗೆ ಪ್ರಾಸ್ಟೇಟ್ ತೊಂದರೆ ಇದೆ. ಈ ಮಾತ್ರೆಯಿಂದ ಅಂಥವರಿಗೆ ಮೂತ್ರ ಕಟ್ಟಿಕೊಳ್ಳಬಹುದು. ಎಲ್ಲರೆದುರು ಅದನ್ನು ಹೇಗೆ ಹೇಳಲಿ? "ಇಲ್ಲ ಸಾರ್, ಡಾಕ್ಟರನ್ನೇ ಕೇಳಿ" ಅಂದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.