ವಿಲ್ ಬರೆಯುವುದು ಹೇಗೆ? ಮೊದಲು ಸಾಕ್ಷಿಗಳನ್ನು ಮನೆಗೆ ಕರೆಯಿರಿ

ಮದ್ದೂರು ಕಡೆಯ ನಮ್ಮ ದೊಡ್ಡಪ್ಪ ವಿಲ್ ಬರೆದಿಟ್ಟಿದ್ದರು. ಜಮೀನು ಇಬ್ಬರು ಗಂಡುಮಕ್ಕಳಿಗೆ, ತಾವೇ ಕಟ್ಟಿಸಿದ ಮನೆ ಮಾತ್ರ ತಮಗೆ ಇಪ್ಪತ್ತು ವರ್ಷ ಬೇಯಿಸಿ ಹಾಕಿದ ವಿಧವೆ ತಂಗಿಗೆ. ಮುತ್ತಿನಂಥ ಅಕ್ಷರ, ಒಂದು ತಪ್ಪಿಲ್ಲ. ಆದರೆ ಸಾಕ್ಷಿಗಳ ಸಹಿ ಬಿದ್ದಿದ್ದು ಮಾರನೇ ದಿನ, ಟೀ ಅಂಗಡಿ ಬೆಂಚಿನ ಮೇಲೆ. ಕೋರ್ಟಿನಲ್ಲಿ 'ಅವರು ಸಹಿ ಹಾಕಿದ್ದು ನೋಡಿದ್ರಾ?' ಅಂತ ಕೇಳಿದರೆ ಸಾಕ್ಷಿ ಪಾಪ ನಿಜ ಹೇಳಿಬಿಟ್ಟ: 'ಇಲ್ಲ ಸ್ವಾಮಿ, ಹುಡುಗ ಕಾಗದ ತಂದುಕೊಟ್ಟ, ಹಾಕಿದೆ.' ವಿಲ್ ಬಿದ್ದುಹೋಯಿತು. ಮನೆ ಮಕ್ಕಳ ಪಾಲಾಯಿತು, ನಮ್ಮತ್ತೆಗೆ ಏನೂ ಬರಲಿಲ್ಲ.

1. ಯಾವುದು ನಿಮ್ಮದು ಅಂತ ಮೊದಲು ನೋಡಿಕೊಳ್ಳಿ. ನೀವು ದುಡಿದು ಮಾಡಿದ್ದನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ಆದರೆ ನಿಮ್ಮ ಪಾಲಿನಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿದೆ, 'ಮದುವೆ ಮಾಡಿ ಕಳಿಸಿದ್ದೀವಲ್ಲ' ಅನ್ನುವ ಮಾತು ನಡೆಯುವುದಿಲ್ಲ. ಇದು ಹಿಂದೂಗಳ ಲೆಕ್ಕ. ಮುಸ್ಲಿಮರು ಸಾಮಾನ್ಯವಾಗಿ ಮೂರನೇ ಒಂದು ಭಾಗವನ್ನಷ್ಟೇ ವಿಲ್ ಮಾಡಬಹುದು. ಇನ್ನೊಂದು ಮಾತು, ಬ್ಯಾಂಕಿನಲ್ಲಿ ನಾಮಿನಿ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ನಾಮಿನಿ ದುಡ್ಡು ತೆಗೆದುಕೊಳ್ಳುವವನು, ಅದರ ಒಡೆಯನಲ್ಲ.

2. ಬರೆಯಿರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಕಿಲ್ಲ. 'ನಾಲೆ ಪಕ್ಕದ ಗದ್ದೆ' ಅಂತ ಬರೆದರೆ ಮಂಡ್ಯದಲ್ಲಿ ಯಾರ ಗದ್ದೆ ಅಂತ ಹುಡುಕುವುದು? ಪಹಣಿ ಮುಂದಿಟ್ಟುಕೊಂಡು ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಹಾಕಿ. ಸೈಟಾದರೆ ಖಾತೆ ನಂಬರು, ಅಳತೆ. ನಿಮ್ಮ ಮಾತಿನಲ್ಲೇ ಬರೆಯಿರಿ. ಪತ್ರ ಬರಹಗಾರರ ಹಳೇ ನಮೂನೆಯಲ್ಲಿ ಅರ್ಧ ಪುಟ 'ಸದರಿ'ಯೇ ತುಂಬಿರುತ್ತದೆ. ಇನ್ನು ಮೊಬೈಲಿನಲ್ಲೇ ಹತ್ತು ನಿಮಿಷಕ್ಕೆ ವಿಲ್ ಮಾಡಿಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ ವಿಲ್ ಅನ್ನು ಹೊರಗಿಟ್ಟಿದೆ, ಬರೀ ಡಿಜಿಟಲ್ ಸಹಿ ನಡೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಮಾತೂ ಅಷ್ಟೇ.

3. ಸಹಿಯ ದಿನ. ಕೆಡುವುದೆಲ್ಲ ಇಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಕೇಳುವುದು ಇಷ್ಟು: ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನೀವು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ನೀವೇ ಅವರಿಗೆ ಹೇಳಿರಬೇಕು. ಆಮೇಲೆ ಅವರು ನಿಮ್ಮ ಎದುರಿಗೇ ಸಹಿ ಹಾಕಬೇಕು. ಇಬ್ಬರೂ ಒಟ್ಟಿಗೇ ಇರಬೇಕು ಅಂತ ಕಾಯ್ದೆ ಹೇಳುವುದಿಲ್ಲ, ಆದರೆ ನನ್ನ ಮಾತು ಕೇಳಿ, ಒಂದೇ ಹೊತ್ತಿಗೆ, ಒಂದೇ ಕೋಣೆಗೆ, ಒಂದೇ ಕಾಫಿಗೆ ಇಬ್ಬರನ್ನೂ ಕರೆಸಿ. ಬಾಗಿಲು ಹಾಕಿ, ಟೀವಿ ಆರಿಸಿ, ಎಲ್ಲರೂ ಒಂದೇ ಪೆನ್ನಿನಲ್ಲಿ ಹಾಕಿ. ನೀವು ಪ್ರತಿ ಪುಟಕ್ಕೂ ಹಾಕಿ, ಕಾಯ್ದೆ ಕೇಳದಿದ್ದರೂ. ನಡುವಿನ ಹಾಳೆ ಬದಲಾಯಿಸಿದರು ಅನ್ನುವ ತಕರಾರು ಅಲ್ಲಿಗೇ ನಿಲ್ಲುತ್ತದೆ. ಸಾಕ್ಷಿಗಳು ಹೆಸರು, ವಿಳಾಸ, ತಾರೀಖು ಬರೆಯಲಿ. ವಿಲ್ ಮಾಡುವವರು ಹೆಬ್ಬೆಟ್ಟು ಒತ್ತುವವರಾದರೆ ಅದನ್ನು ಅವರಿಗೆ ಪೂರ್ತಿ ಓದಿ ಹೇಳಿ, 'ಓದಿ ತಿಳಿಸಲಾಯಿತು' ಅಂತ ಷರಾ ಬರೆಯಿಸಿ.

ಸಾಕ್ಷಿ ಯಾರಾಗಬೇಕು? ನಿಮಗಿಂತ ಚಿಕ್ಕವರು. ನಿಮ್ಮ ವಾರಿಗೆಯ ಗೆಳೆಯರನ್ನು ಕರೆದರೆ ಅವರು ನಿಮಗಿಂತ ಮೊದಲೇ ಹೊರಟುಬಿಟ್ಟರೆ? ವಿಲ್ ರುಜುವಾತು ಮಾಡಲು ಒಬ್ಬ ಸಾಕ್ಷಿಯಾದರೂ ಕೋರ್ಟಿಗೆ ಬರಬೇಕು. ಆಸ್ತಿ ಪಡೆಯುವವರು, ಅವರ ಗಂಡ ಅಥವಾ ಹೆಂಡತಿ ಸಾಕ್ಷಿ ಆಗಲೇಬಾರದು. ಕ್ರೈಸ್ತರಲ್ಲಿ ಹಾಗೆ ಮಾಡಿದರೆ ಅವರಿಗೆ ಬರೆದ ಭಾಗವೇ ರದ್ದಾಗುತ್ತದೆ, ಹಿಂದೂಗಳಲ್ಲಿ ರದ್ದಾಗದಿದ್ದರೂ ಅನುಮಾನಕ್ಕೆ ಜಾಗ ಕೊಟ್ಟ ಹಾಗೆ. ಹೆಚ್ಚು ಪಾಲು ಸಿಗುವ ಮಗನೇ ವಕೀಲರನ್ನು ಗೊತ್ತುಮಾಡಿ, ಟೈಪ್ ಮಾಡಿಸಿ, ಕಾರಿನಲ್ಲಿ ಕೂರಿಸಿಕೊಂಡು ಹೋಗುವುದೂ ಬೇಡ. 1958ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಮೈಸೂರು ಸೀಮೆಯದೇ ಒಂದು ಪ್ರಕರಣದಲ್ಲಿ, ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ, ಇದನ್ನೇ ಹೇಳಿತು: ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಮಾಡಿಸಿದ್ದರೆ ಅನುಮಾನ ಕಳೆಯುವ ಹೊಣೆಯೂ ಅವನದೇ. ಇವತ್ತಿಗೂ ವಕೀಲರು ಇದನ್ನು ಎತ್ತುತ್ತಾರೆ.

ವಯಸ್ಸು ಎಪ್ಪತ್ತು ದಾಟಿದ್ದರೆ ಅದೇ ದಿನದ ಡಾಕ್ಟರ್ ಸರ್ಟಿಫಿಕೇಟ್ ಇರಲಿ. ಒಬ್ಬ ಮಗಳಿಗೋ ಮಗನಿಗೋ ಏನೂ ಕೊಡದಿದ್ದರೆ ಯಾಕೆ ಅಂತ ಒಂದು ಸಾಲು ಬರೆಯಿರಿ. ಬೈಯಬೇಡಿ, ಸುಮ್ನೆ ಕಾರಣ ಹೇಳಿ.

4. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ. ಮುದ್ರಾಂಕ ಶುಲ್ಕ ಇಲ್ಲ, ನೋಂದಣಿ ಶುಲ್ಕವೂ ಜಾಸ್ತಿ ಏನಿಲ್ಲ. ಹಾಸಿಗೆ ಹಿಡಿದಿದ್ದರೆ ಸಬ್ ರಿಜಿಸ್ಟ್ರಾರ್ ಮನೆಗೇ ಬರುವುದಕ್ಕೂ ಅವಕಾಶವಿದೆ. ಆದರೆ ನೋಂದಣಿ ಆಗಿದೆ ಅಂತ ಸಾಕ್ಷಿಯ ತಪ್ಪು ಮುಚ್ಚಿಹೋಗುವುದಿಲ್ಲ, ಇದನ್ನು ಮರೆಯಬೇಡಿ.

5. ಮನಸ್ಸು ಬದಲಾದರೆ ಬದಲಾಯಿಸಿ, ಬದುಕಿರುವ ತನಕ ಎಷ್ಟು ಸಲ ಬೇಕಾದರೂ. ಹಳೆಯದರಲ್ಲಿ ಗೀಚಬೇಡಿ, ಸಾಕ್ಷಿ ಇಲ್ಲದ ತಿದ್ದುಪಡಿ ಲೆಕ್ಕಕ್ಕಿಲ್ಲ. ಹೊಸದು ಬರೆದು 'ಹಿಂದಿನ ವಿಲ್‌ಗಳೆಲ್ಲ ರದ್ದು' ಅಂತ ಸೇರಿಸಿ, ಮತ್ತೆ ಇಬ್ಬರು ಸಾಕ್ಷಿ, ಮತ್ತೆ ಕಾಫಿ.

6. ಅಸಲು ವಿಲ್ ಎಲ್ಲಿದೆ ಅಂತ ಒಬ್ಬರಿಗಾದರೂ ಹೇಳಿಡಿ. ನಿಮ್ಮೊಬ್ಬರ ಹೆಸರಿನ ಲಾಕರ್ ಬೇಡ, ಅದನ್ನು ತೆಗೆಸುವುದೇ ಒಂದು ಅಲೆದಾಟ. ದೊಡ್ಡಪ್ಪನ ವಿಲ್ ಸಿಕ್ಕಿದ್ದು ದೇವರ ಮನೆಯಲ್ಲಿ, ಹಳೇ ಪಂಚಾಂಗಗಳ ಕೆಳಗೆ, ತಿಥಿ ಮುಗಿದು ಎರಡು ವಾರ ಆದ ಮೇಲೆ. ಅಷ್ಟರಲ್ಲಿ ಗಂಡುಮಕ್ಕಳು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ಅರ್ಜಿ ಹಾಕಿಯಾಗಿತ್ತು.