ಬತ್ತಿದ ಬೋರ್‌ಗೆ ಮಳೆನೀರು ಇಂಗಿಸುವುದು ಹೇಗೆ: ಗುಂಡಿ ಸುಲಭ, ಹೂಳು ಕಷ್ಟ

2023ರ ಬರದಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಪಟ್ಟಿಗೆ ಸೇರಿದವು. ಬತ್ತಿದ ಬೋರ್ ಪಕ್ಕದಲ್ಲೇ ಸಾಲ ಮಾಡಿ ಇನ್ನೊಂದು ಕೊರೆಸಿದವರಿಗೆ ಲೆಕ್ಕವಿಲ್ಲ. ಈಗಿನ ಮಳೆಯ ತೊಂದರೆ ಕಡಿಮೆ ಬೀಳುವುದೊಂದೇ ಅಲ್ಲ. ವಾರಗಟ್ಟಲೆ ಕೈಕೊಟ್ಟು, ಆಮೇಲೆ ಎರಡು ಗಂಟೆಯಲ್ಲಿ ಸುರಿದು ಹಳ್ಳ ಸೇರಿಬಿಡುತ್ತದೆ. ಹಾಗೆ ಓಡುವ ನೀರನ್ನು ಸೋಸಿ ಬೋರ್‌ಗೆ ಇಳಿಸುವ ಕೆಲಸದ ವಿವರ ಇಲ್ಲಿದೆ. ಕೋಲಾರ, ತುಮಕೂರು, ಚಿತ್ರದುರ್ಗದಂಥ ಗಟ್ಟಿ ಕಲ್ಲಿನ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಎಕರೆಗೆ ಸುಮಾರು 4,047 ಚದರ ಮೀಟರ್, ಅಂದರೆ 25 ಮಿ.ಮೀ.ನ ಒಂದು ಹದ ಮಳೆಗೆ ಲಕ್ಷ ಲೀಟರ್. ಹೊಲದಲ್ಲಿ ಅದರ ಐದನೇ ಒಂದು ಭಾಗ ಹರಿದು ಬಂದೀತು ಎಂದಿಟ್ಟುಕೊಳ್ಳಿ, 20 ಸಾವಿರ ಲೀಟರ್. ಎರಡು ಇಂಚು ನೀರಿರುವ (ವಿ ಆಕಾರದ ಕಂಡಿಯಲ್ಲಿ ಹರಿಸಿ ಅಳೆದ ಎತ್ತರ) ಬೋರ್ ಗಂಟೆಗೆ ಹೆಚ್ಚುಕಡಿಮೆ 2,900 ಲೀಟರ್ ಎತ್ತುತ್ತದೆ. ಅದನ್ನು ಏಳು ಗಂಟೆ ಓಡಿಸಿದರೆ ಆ 20 ಸಾವಿರವೂ ಖಾಲಿ. ಎಕರೆಗೆ 540 ಅಡಿಕೆ ಮರ, ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 18 ಲೀಟರ್ ಅಂದರೂ ಹತ್ತಿರಹತ್ತಿರ 10 ಸಾವಿರ ಲೀಟರ್ ಬೇಕು. ಒಂದು ಎಕರೆಯ ಹರಿವು, ಒಂದು ಮಳೆ, ಎರಡು ದಿನದ ತೋಟ. ಐದು ಎಕರೆಯ ಹರಿವು, ವರ್ಷಕ್ಕೆ ಅಂಥ ಹತ್ತು ಮಳೆ, ಬಂದದ್ದೆಲ್ಲ ಒಳಗಿಳಿದರೆ ನೂರು ದಿನ. ಈ ಲೆಕ್ಕ ಮಾಡದೆ ಗುಂಡಿ ತೆಗೆಸಿದವರೇ ಆಮೇಲೆ "ರೀಚಾರ್ಜ್ ಎಲ್ಲಾ ಸುಳ್ಳು" ಅನ್ನುವವರು.

ಬೋರ್ ನೀರು ಕುಡಿಯುತ್ತದೆಯೇ?

ಎಲ್ಲ ಬತ್ತಿದ ಬೋರ್‌ಗಳೂ ನೀರು ಹೀರುವುದಿಲ್ಲ. ಬಂಡೆಯಲ್ಲಿ ಬಿರುಕೇ ಸಿಗದೆ ಫೇಲ್ ಆದ ಬೋರ್‌ಗೆ ಎಷ್ಟು ಸುರಿದರೂ ಅದು ತುಂಬಿ ನಿಲ್ಲುತ್ತದೆ, ಅಷ್ಟೇ. ಒಂದು ಕಾಲದಲ್ಲಿ ಚೆನ್ನಾಗಿ ನೀರು ಕೊಟ್ಟು ಬತ್ತಿದ್ದಾದರೆ ಆಸೆ ಇದೆ.

ಪರೀಕ್ಷೆಗೆ 6,000 ಲೀಟರಿನ ಒಂದು ಟ್ಯಾಂಕರ್ ಶುದ್ಧ ನೀರು ಸಾಕು. ಆರೂವರೆ ಇಂಚಿನ ಬೋರ್ ಅಡಿಗೆ ಸುಮಾರು ಆರೂವರೆ ಲೀಟರ್ ಹಿಡಿಯುತ್ತದೆ. 500 ಅಡಿ ಆಳದ್ದು ಪೂರ್ತಿ ಒಣಗಿದ್ದರೂ 3,300 ಲೀಟರಿಗೆ ತುಂಬಬೇಕು. ಮೋಟಾರ್ ಇದ್ದರೆ ಎತ್ತಿಬಿಡಿ. ದಾರಕ್ಕೆ ತೂಕ ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ಗುರುತು ಹಾಕಿಕೊಳ್ಳಿ, ಟ್ಯಾಂಕರ್ ಬಿಡಿ, ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. ಇಡೀ ಟ್ಯಾಂಕರ್ ಇಳಿದು ಒಂದೆರಡು ಗಂಟೆಯಲ್ಲಿ ಮಟ್ಟ ಮೊದಲಿನ ಗುರುತಿನ ಕಡೆ ಜಾರಿದರೆ ಮುಂದುವರಿಯಿರಿ. ಬಾಯಿವರೆಗೆ ತುಂಬಿ ಮಾರನೇ ದಿನವೂ ಹಾಗೇ ನಿಂತಿದ್ದರೆ ಆ ಬೋರ್ ಬಿಟ್ಟುಬಿಡಿ. ಟ್ಯಾಂಕರ್ ಬಾಡಿಗೆ ದಂಡವಾಯಿತು ಅನ್ನಿಸಬಹುದು, ಗುಂಡಿ, ಜಲ್ಲಿ, ಮರಳಿನ ದುಡ್ಡಾದರೂ ಉಳಿಯಿತು.

ಯಾವ ನೀರು, ಯಾವುದು ಬೇಡ

ಹಟ್ಟಿ, ತಿಪ್ಪೆ, ಶೌಚದ ಗುಂಡಿ, ರಸ್ತೆ, ಕಾರ್ಖಾನೆ ಕಡೆಯಿಂದ ಹರಿದು ಬರುವ ನೀರು ಬೇಡವೇ ಬೇಡ. ಔಷಧಿ ಹೊಡೆದ ಹೊಲದ ಮೊದಲ ಮಳೆಯ ನೀರೂ ಬೇಡ. ಗುಂಡಿಯೊಳಗಿನ ಮರಳು ಕೆಸರನ್ನು ತಡೆಯುತ್ತದೆ. ಕರಗಿದ ಯೂರಿಯಾವನ್ನಾಗಲಿ ಕಳೆನಾಶಕವನ್ನಾಗಲಿ ತಡೆಯುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿದ್ದು. ಕೆರೆಯ ತಳದಿಂದ ಮಣ್ಣಿನೊಳಗೆ ನಿಧಾನವಾಗಿ ಇಂಗುವುದು ಬೇರೆ, ಪೈಪ್ ಹಾಕಿ ನೇರ ಬೋರ್‌ಗೆ ಬಿಡುವುದು ಬೇರೆ. ಎರಡನೆಯದನ್ನು ಮಾಡಬೇಡಿ.

ಇದೇ ಕಾರಣಕ್ಕೆ ಊರಿಗೆ ಕುಡಿಯುವ ನೀರು ಕೊಡುತ್ತಿರುವ ಬೋರ್‌ನ ಕೇಸಿಂಗ್ (ಮೇಲ್ಭಾಗದಲ್ಲಿ ಇಳಿಸಿದ ಹೊರಪೈಪ್) ಮುಟ್ಟಬಾರದು. ಕಲ್ಲು ಸಿಗುವವರೆಗಿನ ಮೇಲ್ಪದರದ ಮಣ್ಣು ಮತ್ತು ಹೊಲಸು ಒಳಗೆ ಬರದಿರಲೆಂದೇ ಕೇಸಿಂಗ್ ಇಳಿಸಿರುತ್ತಾರೆ. ಅದಕ್ಕೆ ತೂತು ಹೊಡೆದರೆ ಆ ತಡೆಯನ್ನು ನೀವೇ ತೆಗೆದಂತೆ. ಅಂಥ ಕಡೆ ಸ್ವಲ್ಪ ದೂರದಲ್ಲಿ ಬೇರೆ ಇಂಗುಗುಂಡಿ ಮಾಡಿ. ಫಲ ನಿಧಾನ, ಅಪಾಯ ಕಡಿಮೆ. ಮುಂದಿನದೆಲ್ಲ ಬತ್ತಿದ ನೀರಾವರಿ ಬೋರ್‌ಗೆ.

ಎರೆಭೂಮಿಯವರಿಗೆ ಒಂದು ಮಾತು. ಹರಿವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆಗೂ ತಿಳಿಯಾಗಿಲ್ಲವೆಂದರೆ ಆ ಜೇಡಿ ಯಾವ ತೊಟ್ಟಿಯಲ್ಲೂ ತಂಗುವುದಿಲ್ಲ. ಅಲ್ಲಿ ಚಾವಣಿ ನೀರು ಮಾತ್ರ ಬಳಸಿ. ಸಾವಿರ ಚದರ ಅಡಿ ಆರ್‌ಸಿಸಿ ಚಾವಣಿಗೆ ವರ್ಷಕ್ಕೆ 600 ಮಿ.ಮೀ. ಮಳೆ ಬಿದ್ದರೆ, ಸೋರಿದ್ದು ಆರಿದ್ದು ಕಳೆದು 45 ಸಾವಿರ ಲೀಟರ್ ಸಿಗುತ್ತದೆ.

ಹೂಳಿನ ತೊಟ್ಟಿ

ಹೆಚ್ಚಿನವರು ಖರ್ಚಿಗೆ ಕೈ ಬಿಗಿ ಹಿಡಿಯುವುದು ಇಲ್ಲೇ. ಗುಂಡಿಗೆ ಸುರಿದ ದುಡ್ಡೆಲ್ಲ ಉಳಿಯುವುದೋ ಮಣ್ಣುಪಾಲಾಗುವುದೋ ತೀರ್ಮಾನವಾಗುವುದೂ ಇಲ್ಲೇ. ಬಂಡೆಯ ಬಿರುಕಿಗೆ ಒಮ್ಮೆ ಜೇಡಿ ಸೇರಿದರೆ ಅದನ್ನು ತೊಳೆದು ತೆಗೆಯುವುದು ಬಲು ಕಷ್ಟ. ಕಂಪ್ರೆಸರ್ ಹಚ್ಚಿ ಫ್ಲಶ್ ಮಾಡಿಸಿದರೂ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ.

ನೀರು ಬರುವ ದಾರಿಯಲ್ಲಿ ಮೊದಲು ಹತ್ತಿಪ್ಪತ್ತು ಅಡಿ ಅಗಲದ ಗರಿಕೆ ಅಥವಾ ಲಾವಂಚದ ಪಟ್ಟಿ ಬಿಡಿ. ಆಮೇಲೆ ಒಂದರ ಹಿಂದೆ ಒಂದು ಎರಡು ತೊಟ್ಟಿ, ತಲಾ 8 ಅಡಿ ಉದ್ದ, 6 ಅಡಿ ಅಗಲ, 4 ಅಡಿ ಆಳ. ನೀರು ಒಂದು ತುದಿಯಲ್ಲಿ ಬಂದು ಎದುರು ತುದಿಯಲ್ಲಿ, ತಳದಿಂದ 3 ಅಡಿ ಮೇಲೆ ಇಟ್ಟ 6 ಇಂಚಿನ ಪೈಪಿನಿಂದ ಹೊರಡಬೇಕು. ಎರಡೂ ಬಾಯಿ ಪಕ್ಕಪಕ್ಕ ಇಟ್ಟರೆ ನೀರು ತಂಗದೆ ಹಾದುಹೋಗುತ್ತದೆ. ಮೇಲ್ಗಡೆ ಪ್ಲಾಸ್ಟಿಕ್ ಹೊದಿಸದ ಕೃಷಿ ಹೊಂಡ ಇದ್ದರೆ ಇನ್ನೂ ಒಳ್ಳೆಯದು: ಒಂದು ದಿನ ನಿಲ್ಲಿಸಿ, ಮೇಲಿನ ತಿಳಿನೀರನ್ನಷ್ಟೇ 4 ಇಂಚಿನ ಪೈಪಿನಲ್ಲಿ ಬಿಡಬಹುದು. ಐದು ಎಕರೆಯ ನೀರು ಒಂದೇ ಸಲ ಬಂದರೆ ಗುಂಡಿ ತಡೆಯುವುದಿಲ್ಲ, ಆಗಲೂ ಹೊಂಡವೇ ಗತಿ.

ಗುಂಡಿ ಮತ್ತು ಕೇಸಿಂಗ್

ಬೋರ್ ನಡುವೆ ಬರುವಂತೆ ಸುತ್ತ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ ತೆಗೆಸಿ. ಜೆಸಿಬಿ ಆದರೆ ಕೇಸಿಂಗ್ ಸುತ್ತ ಎರಡು ಅಡಿ ಬಿಟ್ಟು, ಉಳಿದದ್ದನ್ನು ಕೈಯಲ್ಲಿ ಅಗೆಸಿ. ಬಕೆಟ್ ತಗುಲಿದರೆ ಪಿವಿಸಿ ಕೇಸಿಂಗ್ ಸೀಳುತ್ತದೆ. ಸಡಿಲ ಮಣ್ಣಾದರೆ ಗೋಡೆಗೆ ಇಳಿಜಾರು ಕೊಡಿ. ಮುಂಗಾರು ಪೂರ್ವ ಮಳೆ ಬಿದ್ದ ಮರುದಿನ ಆಳು ಇಳಿಸಬೇಡಿ, ಕುಸಿಯುವುದು ಆಗಲೇ.

ತೂತು ಹೊಡೆಯುವ ಮೊದಲು ಮೋಟಾರ್, ಪೈಪ್, ಕೇಬಲ್ ಎಲ್ಲ ಮೇಲೆತ್ತಿ. ಎತ್ತದೆ ಡ್ರಿಲ್ ಹಿಡಿದು ಒಳಗಿನ ಕೇಬಲ್ ಸೀಳುವುದು ಈ ಕೆಲಸದ ಮಾಮೂಲಿ ಅನಾಹುತ. ಗುಂಡಿಯ ತಳದಿಂದ ಒಂದು ಅಡಿ ಬಿಟ್ಟು, ಅಲ್ಲಿಂದ ಮೇಲೆ ನಾಲ್ಕು ಅಡಿಯಲ್ಲಿ 6 ಮಿ.ಮೀ. ಬಿಟ್‌ನಿಂದ ಎರಡು ಇಂಚಿಗೊಂದರಂತೆ ಸಾಲು ತಪ್ಪಿಸಿ ತೂತು ಹಾಕಿ. 7 ಇಂಚಿನ ಕೇಸಿಂಗ್‌ಗೆ ಸುಮಾರು 260 ಆಗುತ್ತವೆ. ಅಷ್ಟೂ ಸೇರಿದರೆ 4 ಇಂಚಿನ ಪೈಪಿನ ಬಾಯಿಗೆ ಹತ್ತಿರ, ಸಾಕು. ಇದಕ್ಕಿಂತ ಒತ್ತೊತ್ತಾಗಿ ಕೊರೆದರೆ ಕಲ್ಲಿನ ಭಾರಕ್ಕೆ ಕೇಸಿಂಗ್ ಅಪ್ಪಚ್ಚಿ.

ಜಾಲರಿಯನ್ನು ನೇರ ಕೇಸಿಂಗ್‌ಗೆ ಅಂಟಿಸಿ ಸುತ್ತಬೇಡಿ. ಹಾಗೆ ಮಾಡಿದರೆ ತೂತಿನ ಮೇಲಿರುವಷ್ಟು ಜಾಲರಿ ಮಾತ್ರ ನೀರು ಬಿಡುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ. ಮೊದಲು ಬೆರಳು ದಪ್ಪದ ನೈಲಾನ್ ಹಗ್ಗವನ್ನು ಮೂರು ಇಂಚಿಗೊಂದು ಸುತ್ತಿನಂತೆ ಸುತ್ತಿ, ಅದರ ಮೇಲೆ ಸೊಳ್ಳೆಪರದೆಯಂಥ ನೈಲಾನ್ ಜಾಲರಿ ಎರಡು ಪದರ ಹೊದಿಸಿ, ನೈಲಾನ್ ದಾರದಲ್ಲೇ ಬಿಗಿಯಿರಿ. ಬೈಂಡಿಂಗ್ ವೈರ್ ತುಕ್ಕು ಹಿಡಿದು ಬಿಟ್ಟುಹೋಗುತ್ತದೆ.

ತುಂಬುವ ಕ್ರಮ ಕೆಳಗಿನಿಂದ: 9ರಿಂದ 12 ಇಂಚಿನ ಗುಂಡುಕಲ್ಲು 5 ಅಡಿ, 40 ಮಿ.ಮೀ. ಜಲ್ಲಿ ಒಂದೂವರೆ ಅಡಿ, 20 ಮಿ.ಮೀ. ಜಲ್ಲಿ ಒಂದು ಅಡಿ, ಅದರ ಮೇಲೆ ಜಾಲರಿ ಹಾಸು, ಮೇಲೆ ದಪ್ಪ ಮರಳು ಒಂದೂವರೆ ಅಡಿ. ಉಳಿದ ಒಂದು ಅಡಿ ನೀರು ನಿಲ್ಲಲು ಖಾಲಿ. ಕಲ್ಲು 500 ಘನ ಅಡಿ, ಜಲ್ಲಿ 150 ಮತ್ತು 100, ಮರಳು 150 ಘನ ಅಡಿ ಬೇಕು. ಕಲ್ಲನ್ನು ಟ್ರ್ಯಾಕ್ಟರಿನಿಂದ ಸುರಿಸದೆ ಕೈಯಿಂದ ಜೋಡಿಸಿ. ಎಂ-ಸ್ಯಾಂಡ್ ಆದರೆ ತೊಳೆಯದೆ ಹಾಕಬೇಡಿ, ಅದರ ಪುಡಿಯೇ ಮೊದಲ ಹೂಳು. ಇದ್ದಿಲಿನ ಪದರ ಹಾಕುವವರಿದ್ದಾರೆ. ಬದಲಾಯಿಸಲು ಗುಂಡಿ ಮತ್ತೆ ತೆಗೆಯಬೇಕಾದ ಇದ್ದಿಲಿಗೆ ಖರ್ಚು ಯಾಕೆ?

ಗುಂಡಿಯ ಸುತ್ತ ಎರಡು ಅಡಿ ಎತ್ತರದ ಬದು ಕಟ್ಟಿ. ನೀರು ಒಳಬರುವುದು ತೊಟ್ಟಿಯ ಪೈಪಿನಿಂದ ಮಾತ್ರ, ಹೆಚ್ಚಾದದ್ದು ಹೊರಹೋಗಲು ಕೋಡಿ ಬೇಕು. ಕೇಸಿಂಗ್ ಬಾಯಿ ನೆಲದಿಂದ ಎರಡು ಅಡಿ ಮೇಲಿರಲಿ, ಬೋಲ್ಟ್ ಹಾಕಿದ ಮುಚ್ಚಳವಿರಲಿ. ಮುಚ್ಚಳದಲ್ಲಿ ಗಾಳಿ ಹೋಗಲು ಜಾಲರಿ ಕಟ್ಟಿದ ಸಣ್ಣ ತೂತು ಬೇಕು: ಒಳಗಿನ ಗಾಳಿ ಹೊರಬರದಿದ್ದರೆ ನೀರು ಇಳಿಯಲು ತಡವರಿಸುತ್ತದೆ. ಒಂದು ದಿನದ ಮಟ್ಟಿಗೂ ಬೋರ್ ಬಾಯಿ ತೆರೆದಿಡಬೇಡಿ. ಮಕ್ಕಳು ಬಿದ್ದ ಸುದ್ದಿಗಳ ನಂತರ 2010ರಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ.

ಮಳೆಗಾಲ ಶುರುವಾದ ಮೇಲೆ

ಪ್ರತಿ ಜೋರು ಮಳೆಯ ನಂತರ ತೊಟ್ಟಿ ನೋಡಿ, ಒಂದು ಅಡಿ ಹೂಳು ಕೂತರೆ ಎತ್ತಿಸಿ. ಮರಳಿನ ಮೇಲೆ ನೀರು ಒಂದು ದಿನಕ್ಕಿಂತ ಹೆಚ್ಚು ನಿಂತರೆ ಮೇಲಿನ ಎರಡು ಮೂರು ಇಂಚು ಮರಳು ಕೆರೆದು ತೆಗೆದು, ತೊಳೆದು ಹಾಕಿ ಅಥವಾ ಹೊಸದು ಹಾಕಿ. ಕೆರೆದ ಮೇಲೂ ನಿಂತರೆ ತೊಂದರೆ ಕೆಳಗಿನ ಜಾಲರಿಯಲ್ಲಿದೆ. ಮೋಟಾರ್ ಮತ್ತೆ ಇಳಿಸಿದ ಮೇಲೆ ಮೊದಲ ನೀರು ರಾಡಿಯಾಗಿ ಬಂದರೆ ಡ್ರಿಪ್‌ಗೆ ಕೊಡಬೇಡಿ, ತಿಳಿಯಾಗುವವರೆಗೆ ಹೊರಗೆ ಬಿಡಿ.

ಫಲ ತಿಳಿಯಲು ತಿಂಗಳಿಗೊಮ್ಮೆ, ಮೋಟಾರ್ ನಿಲ್ಲಿಸಿ 12 ಗಂಟೆ ಆದ ಮೇಲೆ, ಮಟ್ಟ ಅಳೆದು ಬರೆದಿಡಿ. ಬರೆದಿಡದೆ ಹೋದರೆ ಒಳ್ಳೆ ಮಳೆಯ ವರ್ಷದಲ್ಲಿ ಕೀರ್ತಿ ಗುಂಡಿಗೆ, ಬರದ ವರ್ಷದಲ್ಲಿ ಬೈಗುಳವೂ ಗುಂಡಿಗೆ. ಫ್ಲೋರೈಡ್ ಇರುವ ಕಡೆ ಮಟ್ಟ ಏರಿತೆಂದು ನೀರು ಕುಡಿಯಲು ಯೋಗ್ಯವಾಯಿತು ಅಂದುಕೊಳ್ಳಬೇಡಿ. ಪರೀಕ್ಷೆ ಮಾಡಿಸಿ, ಲೀಟರಿಗೆ 1.5 ಮಿ.ಗ್ರಾಂ ಮೀರಿದರೆ ಕುಡಿಯುವಂತಿಲ್ಲ. ನೀವು ಇಂಗಿಸಿದ್ದು ಬಿರುಕು ಹಿಡಿದು ಪಕ್ಕದ ಹೊಲದವರ ಬೋರ್‌ನಲ್ಲಿ ಏರಿದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದೇ ಹಳ್ಳದ ಹರಿವಿನಲ್ಲಿರುವ ನಾಲ್ಕೈದು ಮಂದಿ ಸೇರಿ, ಹೂಳಿನ ತೊಟ್ಟಿ ಮತ್ತು ಹೊಂಡದ ಖರ್ಚು ಹಂಚಿಕೊಂಡು ಮಾಡಿಸುವುದು ಮೇಲು. ಗ್ರಾಮ ಪಂಚಾಯಿತಿಯಲ್ಲಿ ನೆರವು ಸಿಗುತ್ತದೆಯೇ ಎಂದು ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿ. ಮುಗಿದ ಕೆಲಸಕ್ಕೆ ಬಿಲ್ಲು ಮಾಡಿಸಲು ಆಗುವುದಿಲ್ಲ.