ವೊಕಲಾಯ್ಡ್ ಹಾಡನ್ನು ಕಾಲೇಜು ಹುಡುಗರಿಗೆ ದಾಟಿಸುವ ಬಗೆ: ನನ್ನ ಅನುಭವ

ವೊಕಲಾಯ್ಡ್ ಎಂದರೆ ಸಾಹಿತ್ಯ, ಸ್ವರ ಕೊಟ್ಟರೆ ಯಂತ್ರದನಿಯಲ್ಲಿ ಹಾಡುವ ಜಪಾನಿ ತಂತ್ರಾಂಶ; ಅದರಲ್ಲಿ ಕಟ್ಟಿದ ಹಾಡುಗಳಿಗೂ ಅದೇ ಹೆಸರು. ಅದನ್ನು ಪರಿಚಯಿಸಲು ಹೊರಟವರು ಹೆಚ್ಚಾಗಿ ಎಡವುವುದು ಮೊದಲ ಹಾಡಿನಲ್ಲೇ. ತಮಗೆ ಪ್ರಾಣವಾದ ಹಾಡನ್ನೇ ಹಾಕಿಬಿಡುತ್ತಾರೆ. ಹತ್ತು ವರ್ಷದಿಂದ ಕೇಳುತ್ತಿರುವವರಿಗೆ ಪ್ರಾಣವಾದದ್ದು ಹೊಸಬರ ಕಿವಿಗೆ ಅತಿ ವೇಗದ್ದು, ಅತಿ ಎತ್ತರದ್ದು ಆಗಿರುತ್ತದೆ. ಹಾತ್ಸುನೆ ಮಿಕು ಎಂಬ ವೊಕಲಾಯ್ಡ್ ದನಿಯನ್ನು 2007ರ ಆಗಸ್ಟ್ 31ರಂದು ಮಾರುಕಟ್ಟೆಗೆ ತಂದ ಸಪ್ಪೊರೊದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿ, ಆ ದನಿ ಚೆನ್ನಾಗಿ ಕೇಳುವುದು 70ರಿಂದ 150 ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಬಡಿತ) ವೇಗದಲ್ಲಿ, ಪಾಶ್ಚಾತ್ಯ ಸಂಗೀತದ ಎ3ಯಿಂದ ಇ5ವರೆಗಿನ ಸ್ವರಗಳಲ್ಲಿ ಎಂದು ತಾನೇ ಹೇಳಿತ್ತು. ಹಾಡು ಕಟ್ಟುವವರು ಆ ಬೇಲಿಯನ್ನು ಬೇಕೆಂದೇ ಹಾರುತ್ತಾರೆ. ‘ಹಾತ್ಸುನೆ ಮಿಕು ನೊ ಶೋಶಿತ್ಸು’ ಎಂಬ ಹಾಡು ಓಡುವುದು 240 ಬಿಪಿಎಂನಲ್ಲಿ. ಮನುಷ್ಯರು ಹಾಡಲಾಗದ್ದನ್ನು ಯಂತ್ರದಿಂದ ಹಾಡಿಸುವುದೇ ಅದರ ಗಮ್ಮತ್ತು. ಆದರೆ ಹೊಸ ಕಿವಿಗೆ ಅದು ಬರೀ ಗಲಾಟೆ. ಇಂಥವನ್ನು ನಾನು ಹತ್ತನೇ ಹಾಡಿನವರೆಗೂ ಹತ್ತಿರ ಬಿಡುವುದಿಲ್ಲ.

ನಾನು ಮೊದಲು ಕೇಳುವ ಪ್ರಶ್ನೆ ಒಂದೇ: “ಅನಿಮೆ ನೋಡ್ತೀಯಾ? ಯಾವ ಓಪನಿಂಗ್ ಸ್ಕಿಪ್ ಮಾಡಲ್ಲ?” (ಅನಿಮೆ ಎಂದರೆ ಜಪಾನಿ ಅನಿಮೇಶನ್, ಓಪನಿಂಗ್ ಎಂದರೆ ಅದರ ಶೀರ್ಷಿಕೆ ಹಾಡು.) ಬೆಂಗಳೂರು, ಮೈಸೂರಿನ ವಿದ್ಯಾರ್ಥಿಗಳಲ್ಲಿ ಜಪಾನಿ ಹಾಡು ಕೇಳುವವರು ಯೋಆಸೊಬಿ, ಅದೊ, ಯೊನೆಜು ಕೆನ್‌ಶಿ, ಯೊರುಶಿಕಾ ಈ ನಾಲ್ಕರಲ್ಲಿ ಒಂದು ಹೆಸರನ್ನಾದರೂ ಹೇಳಿಯೇ ಹೇಳುತ್ತಾರೆ. ಕೆಲಸ ಅಲ್ಲಿಗೆ ಅರ್ಧ ಮುಗಿಯಿತು, ಏಕೆಂದರೆ ಈ ನಾಲ್ಕರ ಬೇರೂ ವೊಕಲಾಯ್ಡ್‌ನಲ್ಲಿದೆ. ಯೋಆಸೊಬಿಯ ಅಯಾಸೆ ಮೊದಲು ಮಿಕುವಿಗೆ ಹಾಡು ಕಟ್ಟುತ್ತಿದ್ದವರು. ಯೊನೆಜು ಆಗ ಹಾಚಿ ಎಂಬ ಹೆಸರಿನಲ್ಲಿದ್ದರು. ಅದೊಗೆ 2020ರಲ್ಲಿ ‘ಉಸ್ಸೇವಾ’ ಬರೆದುಕೊಟ್ಟ ಶುದೋ, ಯೊರುಶಿಕಾದ ನ-ಬುನ, ಇಬ್ಬರೂ ಅದೇ ಅಂಗಳದವರು. ಹಾಗಾಗಿ “ಮಿಕು ಕೇಳು” ಎನ್ನುವುದಿಲ್ಲ, “ನಿನಗೆ ಇಷ್ಟವಾದವರ ಹಳೇ ಹಾಡು ಕೇಳು” ಎನ್ನುತ್ತೇನೆ. ಮಿಕು ಎಂಬ ಹಸಿರು ಜಡೆಯ ಗೊಂಬೆಯ ಹೆಸರೆತ್ತಿದರೆ ‘ಕಾರ್ಟೂನಾ?’ ಎಂಬ ನಗು ಬರುತ್ತದೆ. ಹಾಡು ಕಟ್ಟಿದವರ ಹೆಸರೆತ್ತಿದರೆ ಬರುವುದಿಲ್ಲ. ವೊಕಲಾಯ್ಡ್ ಲೋಕದಲ್ಲೂ ಲೆಕ್ಕಕ್ಕೆ ಬರುವುದು ಕಟ್ಟಿದವರೇ. ಅವರನ್ನು ‘ಪಿ’ ಎನ್ನುತ್ತಾರೆ, ಪ್ರೊಡ್ಯೂಸರ್‌ನ ಮೊದಲಕ್ಷರ.

ಮೊದಲ ಸಲಕ್ಕೆ ಮೂರೇ ಹಾಡು, ಹತ್ತು ಹನ್ನೆರಡು ನಿಮಿಷ. ಐವತ್ತು ಹಾಡಿನ ಪ್ಲೇಲಿಸ್ಟ್ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಮೂರರಲ್ಲಿ ಮೊದಲನೆಯದಕ್ಕೆ ಮನುಷ್ಯರ ದನಿಯ ಆಸರೆ ಇರಬೇಕು. ಇದಕ್ಕೆ ನಾನು ಹೆಚ್ಚು ನೆಚ್ಚಿಕೊಂಡಿರುವುದು ಮಿಕಿತೊ-ಪಿಯ ‘ರೋಕಿ’ (2018). ಕಾಗಮಿನೆ ರಿನ್‌ಳ ಯಂತ್ರದನಿಯ ಜೊತೆ ಮಿಕಿತೊ-ಪಿ ತಾವೇ ಹಾಡುತ್ತಾರೆ. ಒಂದು ದನಿ ಮೈಗೆ ಒಗ್ಗಿದ್ದು, ಇನ್ನೊಂದು ಒಗ್ಗದ್ದು. ಎರಡೂ ಒಂದೇ ಗಿಟಾರಿನ ಮೇಲೆ ಸವಾಲು-ಜವಾಬು ನಡೆಸುತ್ತವೆ. ಹಾಡು ಮುಗಿಯುವ ಹೊತ್ತಿಗೆ ಕಿವಿ ತಂತಾನೇ ಹೊಂದಿಕೊಂಡಿರುತ್ತದೆ. ಇನ್ನೊಂದು ದಾರಿ, ಒಂದೇ ಹಾಡಿನ ಎರಡು ರೂಪ: ಅಯಾಸೆಯ ‘ಯೂರೇ ತೋಕ್ಯೊ’ವನ್ನು ಮೊದಲು ಅವರದೇ ದನಿಯಲ್ಲಿ, ಆಮೇಲೆ ಮಿಕು ದನಿಯಲ್ಲಿ. ರಾಗ ಗೊತ್ತಾದ ಮೇಲೆ ದನಿಯ ವಿಚಿತ್ರ ಅರ್ಧಕ್ಕರ್ಧ ಇಳಿಯುತ್ತದೆ.

ಎರಡನೆಯದು ಅವರ ರುಚಿಗೆ. ಕ್ಲಬ್ ಸಂಗೀತ ಕೇಳುವವರಿಗೆ ಲೈವ್‌ಟ್ಯೂನ್‌ನ ‘ಟೆಲ್ ಯುವರ್ ವರ್ಲ್ಡ್’. 2011ರಲ್ಲಿ ಜಪಾನಿನ ಗೂಗಲ್ ಕ್ರೋಮ್ ಜಾಹೀರಾತಿಗೆ ಬಂದದ್ದು. ಅಲ್ಲಿ ವಾದ್ಯವೂ ಸಿಂಥ್ (ವಿದ್ಯುನ್ಮಾನ ನಾದ), ದನಿಯೂ ಸಿಂಥ್, ಹಾಗಾಗಿ ದನಿ ಹೊರಗಿನದೆನಿಸುವುದೇ ಇಲ್ಲ. “ಕೀರಲು ದನಿ ಆಗಲ್ಲ” ಎನ್ನುವವರಿಗೆ ಬಲೂನ್ ಅವರ ‘ಚಾರ್ಲ್ಸ್’ (2016): ಫ್ಲವರ್ ಎಂಬ ದನಿ ತಗ್ಗಿನದು, ಗಂಡೋ ಹೆಣ್ಣೋ ಹೇಳಲಾಗದ್ದು. ಸಂಗೀತ ಕಲಿತವರ ದೂರು ಬೇರೆ: “ಉಸಿರೇ ಇಲ್ಲ, ಗಮಕವೇ ಇಲ್ಲ.” ದೂರು ಸರಿಯೇ. ಹಳೆಯ ವೊಕಲಾಯ್ಡ್ ತಂತ್ರದಲ್ಲಿ ಧ್ವನಿ ಕಲಾವಿದೆಯ ದನಿಯನ್ನು ಅಕ್ಷರಕ್ಕಿಂತ ಸಣ್ಣ ತುಣುಕುಗಳಾಗಿ ಧ್ವನಿಮುದ್ರಿಸಿ ಜೋಡಿಸುತ್ತಾರೆ (ಮಿಕುವಿಗೆ ದನಿ ಕೊಟ್ಟವರು ಫುಜಿತಾ ಸಾಕಿ). ಸ್ವರದಿಂದ ಸ್ವರಕ್ಕೆ ಜಾರುವುದು, ಕಂಪನ, ಉಸಿರು ಎಲ್ಲವನ್ನೂ ಆಮೇಲೆ ಕೈಯಿಂದ ಎಳೆದು ತಿದ್ದಬೇಕು. ಅಂಥವರಿಗೆ ಮಿಚೀ ಎಂ ಅವರ ‘ಫ್ರೀಲಿ ಟುಮಾರೋ’ (2011) ಹಾಕುತ್ತೇನೆ. ಅದೇ ಮಿಕು, ಆದರೆ ತಿದ್ದಿರುವ ನಾಜೂಕಿಗೆ ವೀಣೆ ಟೀಚರ್ ಮಗಳೂ ತಲೆದೂಗಬೇಕು. ಮೂರನೆಯದಕ್ಕೆ ಬರೀ ಯಂತ್ರದನಿಯ, ರಾಜಿಯಿಲ್ಲದ ಹಾಡು: ಹಾಚಿಯ ‘ಸುನಾ ನೊ ವಾಕುಸೇ’ (2017) ಅಥವಾ ವೊವಾಕಾ ಅವರ ‘ರೋಲಿಂಗ್ ಗರ್ಲ್’ (2010).

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕುಣಿಸುವ ತಾಳದ ಕೆಳಗೆ ಆತ್ಮದ್ವೇಷ, ಸಾವು, ಶಾಲೆಯ ಹಿಂಸೆ ತುಂಬಿದ ಸಾಹಿತ್ಯ ಈ ಹಾಡುಗಳಲ್ಲಿ ಸಾಮಾನ್ಯ. ಅನುವಾದ ಓದದೆ ಯಾರಿಗೂ ಹಾಡು ಕಳಿಸಬೇಡಿ. ಪರೀಕ್ಷೆ ಹತ್ತಿರದಲ್ಲಿ ಹಾಸ್ಟೆಲಿನಲ್ಲಿ ಒಂಟಿಯಾಗಿರುವವರಿಗಂತೂ ಎರಡು ಸಲ ಓದಿ ಕಳಿಸಿ.

ಕೇಳಿಸುವಾಗ ಫೋನಿನ ಸ್ಪೀಕರ್ ಬೇಡವೇ ಬೇಡ. ಪುಟ್ಟ ಸ್ಪೀಕರ್ ಬೇಸ್ ಅನ್ನು ನುಂಗಿ, ನಡು-ಮೇಲಿನ ಆವರ್ತನಗಳನ್ನು ಮುಂದೆ ತಳ್ಳುತ್ತದೆ. ಮಿಕು ದನಿಯ ಚೂಪೆಲ್ಲ ಇರುವುದು ಅಲ್ಲೇ. ನೂರಿನ್ನೂರು ರೂಪಾಯಿಯ ತಂತಿ ಇಯರ್‌ಫೋನ್ ಸಾಕು. ಯೂಟ್ಯೂಬ್‌ನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಹುಡುಕಿದರೆ ವೇಗ ಹೆಚ್ಚಿಸಿದ್ದು, ಯಾರೋ ಮರು-ಅಪ್‌ಲೋಡ್ ಮಾಡಿದ್ದು, ಯಾರೋ ಹಾಡಿದ್ದು ಮೊದಲು ಬರುತ್ತವೆ. ಹೆಸರನ್ನು ಜಪಾನಿ ಲಿಪಿಯಲ್ಲೇ ಕಾಪಿ ಮಾಡಿ ಹುಡುಕಿ, ಕಟ್ಟಿದವರ ಚಾನೆಲ್ ನೋಡಿ, ಆ ಲಿಂಕ್ ಕಳಿಸಿ. ಹಾಡಿಗೊಂದು ಸಾಲು ಸಾಕು: ‘1:10ರಲ್ಲಿ ಬರುವ ಗಿಟಾರ್ ಕೇಳು’ ಎಂಬಂತೆ. ‘ಸೂಪರ್ ಸಾಂಗ್’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ.

ಈಗೀಗ ಎಲ್ಲರೂ ಕೇಳುವ ಪ್ರಶ್ನೆ: “ಇದು ಎಐ ಮಾಡಿದ ಹಾಡಲ್ವಾ?” ಅಲ್ಲ. ಸಾಹಿತ್ಯ, ರಾಗ, ವಾದ್ಯ ಎಲ್ಲ ಮನುಷ್ಯರದೇ. ಪ್ರತಿ ಅಕ್ಷರವನ್ನೂ ಯಾವ ಸ್ವರದಲ್ಲಿ ಎಷ್ಟು ಹೊತ್ತು ಎಂದು ಇಟ್ಟವರು ಅವರೇ. ಗೊಂದಲ ಹುಟ್ಟಲು ಕಾರಣವಿದೆ: ಸಿಂಥಸೈಜರ್ ವಿಯಂಥ ಹೊಸ ತಂತ್ರಾಂಶಗಳು ದನಿಯನ್ನು ಸಹಜಗೊಳಿಸಲು ಎಐ ಬಳಸುತ್ತವೆ. ಕಸಾನೆ ತೆತೊ ಎಂಬ ದನಿ ಒಳ್ಳೆಯ ಉದಾಹರಣೆ. 2008ರ ಏಪ್ರಿಲ್ ಫೂಲ್ ತಮಾಷೆಗಾಗಿ ಹುಟ್ಟಿ, ಉಚಿತ ಉತಾಉ ತಂತ್ರಾಂಶದಲ್ಲಿ ಹಾಡಿಕೊಂಡಿದ್ದವಳಿಗೆ 2023ರಲ್ಲಿ ಸಿಂಥಸೈಜರ್ ವಿ ದನಿ ಬಂತು. ಅವಳ ಹಳೆಯದೊಂದು, ಹೊಸದೊಂದು ಹಾಡು ಒಟ್ಟಿಗೆ ಕೇಳಿಸಿದರೆ ವಿವರಣೆಯೇ ಬೇಡ.

ಜಪಾನಿ ಕಲಿಯುತ್ತಿರುವವರಿಗೆ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತೇನೆ. ಎ-ಏ, ಒ-ಓ ಹ್ರಸ್ವದೀರ್ಘ, ಒತ್ತಕ್ಷರ ಎಲ್ಲವೂ ನಮ್ಮ ಲಿಪಿಯಲ್ಲಿ ತಪ್ಪದೆ ಕೂರುತ್ತವೆ. ಎಡವುವುದು ‘ನ್’ನಲ್ಲಿ: ಜಪಾನಿಯಲ್ಲಿ ಅದಕ್ಕೂ ಪೂರಾ ಒಂದು ಮಾತ್ರೆ. ಕುರೊಉಸಾ-ಪಿಯ ‘ಸೆನ್‌ಬೊನ್‌ಜಕುರ’ (2011) ಹೆಸರು ಸೆ-ನ್-ಬೊ-ನ್-ಜ-ಕು-ರ ಎಂದು ಏಳು ಮಾತ್ರೆ, ಐದಲ್ಲ. ಹಾಡು 154 ಬಿಪಿಎಂನದು, ಯೂಟ್ಯೂಬ್‌ನಲ್ಲಿ 0.75 ವೇಗಕ್ಕಿಟ್ಟರೆ ಸುಮಾರು 115ಕ್ಕೆ ಇಳಿದು ನಾಲಿಗೆಗೆ ಸಿಗುತ್ತದೆ.

ಜಪಾನಿಗೆ ಓದಲು ಹೋಗುವವರಿಗೆ ಇದೇ ಹಾಡನ್ನು ಗಟ್ಟಿ ಮಾಡಿಸಿ ಕಳಿಸುತ್ತೇನೆ. ಅಲ್ಲಿನ ಕರೋಕೆಯಲ್ಲಿ ಸಿಗದ ಕಡೆಯಿಲ್ಲ. ಹುಡುಗರು ಒಂದು ಸಪ್ತಕ ಕೆಳಗೆ ಹಾಡಬೇಕು, ಆಗಲೂ ತುದಿ ಸಿಗದಿದ್ದರೆ ಯಂತ್ರದ ಕೀಯನ್ನು, ಅಂದರೆ ಶ್ರುತಿಯನ್ನು, ಇನ್ನೆರಡು ಮೆಟ್ಟಿಲು ಇಳಿಸಬೇಕು. ಹುಡುಗಿಯರು ಮೂಲ ಸಪ್ತಕದಲ್ಲೇ ಮೂರೋ ನಾಲ್ಕೋ ಇಳಿಸಿಕೊಂಡರೆ ಸಾಕು. ಇಳಿಸುವುದು ಹಾಡು ಶುರುವಾಗುವ ಮೊದಲೇ. ನಡುವೆ ಇಳಿಸಿದರೆ ಶ್ರುತಿ ಹಿಡಿಯುವಷ್ಟರಲ್ಲಿ ಪಲ್ಲವಿ ದಾಟಿಹೋಗಿರುತ್ತದೆ.